ಗೂಡಿನ ಪೇಟೆಯ ಅಪ್‌ಡೇಟ್ ಬಾನಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರೇಷ್ಮೆಗೂಡಿನ ಚೀಲ ಹೇರಿಕೊಂಡ ಟೆಂಪೊಗಳು ಶಿಡ್ಲಘಟ್ಟದ ಮಾರುಕಟ್ಟೆಯ ಕಡೆಗೆ ಒಂದರ ಹಿಂದೊಂದು ತಿರುಗುತ್ತಿವೆ. ಆ ತಿರುವಿನಲ್ಲೇ, ಟೀ ಅಂಗಡಿಗೂ ಸೈಕಲ್ ಷಾಪಿಗೂ ನಡುವೆ, ಒಬ್ಬರು ಕೂತರೆ ಇನ್ನೊಬ್ಬರಿಗೆ ಜಾಗವಿಲ್ಲದ ಮಳಿಗೆಯೊಂದರ ಷಟರ್ ಅರ್ಧ ಮೇಲೇರಿದೆ. ಒಳಗೆ ಟ್ಯೂಬ್‌ಲೈಟಿನ ಕೆಳಗೆ ಶಹರ್ ಬಾನು ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ. ಅವರ ಮುಂದಿನ ಹಲಗೆಯ ಮೇಲೆ ಫೋನುಗಳ ಸಾಲು. ಒಂದೊಂದರ ಬೆನ್ನಿಗೂ ಬಿಳಿ ಪ್ಲಾಸ್ಟರಿನ ತುಂಡು, ಅದರ ಮೇಲೆ ಪೆನ್ನಿನಲ್ಲಿ ಊರಿನ ಹೆಸರು. ಕೆಲವು ಪರದೆಗಳಲ್ಲಿ ಬಿಳಿ ಚಕ್ರ ಸುತ್ತುತ್ತಿದೆ, ಕೆಲವು ಕಪ್ಪಗೆ ಮಲಗಿವೆ.

"ಈ ಹೊತ್ತಲ್ಲಿ ನೆಟ್ಟು ಚೆನ್ನಾಗಿ ಓಡ್ತದೆ ಸಾರ್. ಬಿಸಿಲು ಬಂತು ಅಂದ್ರೆ ಊರೆಲ್ಲ ಎದ್ದು ವಿಡಿಯೋ ನೋಡ್ಕೊಂಡು ಕೂತ್ಕೊಂತದೆ. ಆಮೇಲೆ ಆಮೆ" ಎಂದು ನಗುತ್ತಾರೆ.

ಗೂಡು ತಂದ ರೈತರು ಹರಾಜು ಶುರುವಾಗುವವರೆಗೆ ಕಾಯಲೇಬೇಕು. ಆ ಹೊತ್ತಿನಲ್ಲಿ ಫೋನನ್ನು ಇಲ್ಲಿ ಬಿಟ್ಟು, ಮುಖ ತೊಳೆದು, ಟೀ ಕುಡಿದು ಬರುತ್ತಾರೆ. ಒಡೆದ ಗಾಜು ಬದಲಿಸುವುದು, ಬ್ಯಾಟರಿ ಹಾಕುವುದು ಶಹರ್ ಬಾನು ಅವರ ಕೆಲಸವಲ್ಲ. ಅದಕ್ಕೆಲ್ಲ ಬಸ್ ಸ್ಟ್ಯಾಂಡಿನ ಬಳಿ ಬೇಕಾದಷ್ಟು ಅಂಗಡಿಗಳಿವೆ. ಇವರದು ಒಂದೇ ಕೆಲಸ: ಫೋನಿಗೆ ಕಂಪನಿಯಿಂದ ಬಂದಿರುವ ಅಪ್‌ಡೇಟನ್ನು ಹಾಕಿ ಕೊಡುವುದು. ಮಳಿಗೆಗೆ ಬೋರ್ಡು ಇಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಇವರನ್ನು ಕರೆಯುವುದೇ ಅಪ್‌ಡೇಟ್ ಬಾನಮ್ಮ ಎಂದು.

ಅಪ್‌ಡೇಟ್ ಎಂದರೆ ಏನು ಎಂದು ಯಾರೇ ಕೇಳಲಿ, ಅವರ ಬಳಿ ಉತ್ತರ ಸಿದ್ಧವಾಗಿದೆ. "ಮನೆ ಬಾಗ್ಲಿಗೆ ಚಿಲಕ ಇರ್ತದಲ್ಲ, ಕಳ್ಳರು ಅದನ್ನ ತೆಗಿಯೋದು ಹೆಂಗೆ ಅಂತ ಕಲ್ತ್ಕೊಂತಾರೆ. ಅದು ಗೊತ್ತಾಗಿ ಕಂಪ್ನಿಯವ್ರು ಹೊಸ ಚಿಲಕ ಕಳಿಸ್ತಾರೆ. ಕಳ್ಸಿದ್ದು ಹೊಸ್ಲು ಮೇಲೇ ಬಿದ್ದಿರ್ತದೆ, ನಮ್ಮವ್ರು ದಾಟ್ಕೊಂಡು ಓಡಾಡ್ತಾರೆ. ಅದನ್ನ ಎತ್ತಿ ಬಾಗ್ಲಿಗೆ ಜಡಿಯೋದು ನನ್ ಕೆಲಸ."

ಎಲ್ಲ ಫೋನಿಗೂ ಚಿಲಕ ಒಂದೇ ಲೆಕ್ಕದಲ್ಲಿ ಬರುವುದಿಲ್ಲ ಎನ್ನುವುದನ್ನು ಅವರು ವರ್ಷಗಟ್ಟಲೆ ನೋಡಿ ತಿಳಿದುಕೊಂಡಿದ್ದಾರೆ. "ಕೆಲವಕ್ಕೆ ತಿಂಗ್ಳು ತಿಂಗ್ಳು ಬರ್ತದೆ, ರೇಷನ್ ಥರ. ಕೆಲವಕ್ಕೆ ಮೂರು ತಿಂಗ್ಳಿಗೆ ಒಂದ್ಸಲ. ಇನ್ನು ಕೆಲವು, ಕಂಪ್ನಿಯವ್ರಿಗೆ ನೆನಪಾದ್ರೆ ಬಂತು, ಇಲ್ದಿದ್ರೆ ಇಲ್ಲ. ಒಂದಷ್ಟು ವರ್ಷ ಆದ್ಮೇಲೆ ಬರೋದೇ ನಿಂತೋಗ್ತದೆ. ನಿಂತೋಯ್ತು ಕಣಮ್ಮ ಅಂತ ಯಾರೂ ಬಂದು ಹೇಳಲ್ಲ."

ಹಾಗೆ ನಿಂತುಹೋದ ಫೋನು ತಂದವರಿಗೆ ಅವರು ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತಾರೆ. ಇದರಲ್ಲಿ ಹಾಡು ಕೇಳಿ, ಟಾರ್ಚು ಹಾಕ್ಕೊಳ್ಳಿ, ಮೊಮ್ಮಕ್ಕಳ ಫೋಟೊ ತೆಗೀರಿ. ಬ್ಯಾಂಕಿನ ವ್ಯವಹಾರ ಮಾತ್ರ ಬೇಡ. "ಮುದಿ ಎತ್ತಿಗೆ ಗಾಡಿ ಕಟ್ಬಾರ್ದು ಸಾರ್. ಕೊಟ್ಟಿಗೇಲಿ ಇರ್ಲಿ, ಮೇವು ಹಾಕಣ."

ಶಹರ್ ಬಾನು ಹುಟ್ಟಿದ್ದು, ಮದುವೆಯಾಗಿದ್ದು ಎರಡೂ ಇದೇ ಊರಿನ ನೂಲು ಬಿಚ್ಚುವ ಮನೆತನಗಳಲ್ಲಿ. ಕುದಿನೀರಿನ ತೊಟ್ಟಿಯಿಂದ ಗೂಡಿನ ಎಳೆ ಹಿಡಿದೆತ್ತುವ ಕೆಲಸ ಚಿಕ್ಕಂದಿನಿಂದಲೂ ಕೈಗೆ ಹತ್ತಿತ್ತು. ಗಂಡ ಲಾಲ್ ಬಾಷಾ ಈಗಲೂ ಅದೇ ಕೆಲಸಕ್ಕೆ ಹೋಗುತ್ತಾರೆ. ಇವರಿಗೆ ಮಾತ್ರ ಹಬೆ, ಹೊಗೆ ಎದೆಗೆ ಇಳಿದು ಉಬ್ಬಸ ಶುರುವಾಯಿತು. ಡಾಕ್ಟರು ತೊಟ್ಟಿಯ ಹತ್ತಿರ ಹೋಗಲೇಬೇಡಿ ಎಂದರು. ನೀರಿನಲ್ಲಿ ಬೆಂದ ಬೆರಳಿನ ಗೆರೆಗಳು ಆ ಹೊತ್ತಿಗೆ ಮಾಸಿಹೋಗಿದ್ದವು. "ಫೋನಿಗೆ ನನ್ ಬೆರಳು ಇಟ್ರೆ ಇವ್ಳು ಯಾರೋ ಅಂತದೆ. ಯಾವತ್ತೂ ಗುರುತು ಹಿಡಿದಿಲ್ಲ. ನಂಬರ್ ಒತ್ತೇ ತೆಗೀಬೇಕು" ಎಂದು ಕೈ ಚಾಚಿ ತೋರಿಸುತ್ತಾರೆ.

ಕೆಲಸ ಬಿಟ್ಟು ಮನೆಯಲ್ಲಿ ಕೂತ ವರ್ಷವೇ ಒಂದು ಅವಾಂತರವಾಯಿತು. ಮನೆಯ ಫೋನಿನಿಂದ ಬಂಧುಬಳಗಕ್ಕೆಲ್ಲ ತನ್ನಷ್ಟಕ್ಕೆ ತಾನೇ ಮೆಸೇಜು ಹೋಗತೊಡಗಿತು: ಈ ಲಿಂಕ್ ಒತ್ತಿ, ಬಹುಮಾನ ಪಡೆಯಿರಿ. ಗೌರಿಬಿದನೂರಿನಲ್ಲಿರುವ ಅವರ ಖಾಲಾ, ಅಂದರೆ ತಾಯಿಯ ತಂಗಿ, ಒತ್ತಿಯೂ ಬಿಟ್ಟರು. ಅವರ ಫೋನಿನಲ್ಲಿಯೂ ಅದೇ ಪಾಡು. ಖಾಲಾ ಸಿಟ್ಟಿನಿಂದ ಮಾತು ಬಿಟ್ಟರು. ಶಹರ್ ಬಾನು ಫೋನು ಹಿಡಿದು ಅಂಗಡಿ ಅಂಗಡಿ ತಿರುಗಿದರೆ ಎಲ್ಲ ಕಡೆಯೂ ಒಂದೇ ಮಾತು, ಎಸೆದು ಹೊಸದು ತಗೊಳ್ಳಿ.

"ಎಸಿಯಕ್ಕೆ ಮನಸು ಬರ್ಲಿಲ್ಲ. ರೋಗ ಬಂದ್ರೆ ಏನ್ ರೋಗ ಅಂತಾದ್ರೂ ಗೊತ್ತಾಗ್ಬೇಕಲ್ಲ" ಎನ್ನುತ್ತಾರೆ. ಮಗಳು ಶಾಜಿಯಾ ಆಗ ಚಿಂತಾಮಣಿಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಸಂಜೆ ತಾಯಿ ಮಗಳು ಇಬ್ಬರೂ ಕೂತು ಸೆಟ್ಟಿಂಗ್ಸಿನ ಮೂಲೆ ಮೂಲೆ ಜಾಲಾಡಿದರು. ಅವಳು ಇಂಗ್ಲಿಷ್ ಓದಿ ಹೇಳುವುದು, ಇವರು ಒತ್ತುವುದು. ಒಂದು ಕಡೆ ತಾರೀಖು ಸಿಕ್ಕಿತು. ಫೋನಿನ ಚಿಲಕ ಕಡೆಯ ಸಲ ಬದಲಾಗಿದ್ದು ಯಾವಾಗ ಎನ್ನುವ ತಾರೀಖು. ಅದಾಗಿ ವರ್ಷಗಳೇ ಕಳೆದಿದ್ದವು. ಅಲ್ಲಿಂದಾಚೆಗೆ ಬಂದ ಅಪ್‌ಡೇಟುಗಳನ್ನೆಲ್ಲ ಮನೆಯವರು ಆಮೇಲೆ, ಆಮೇಲೆ ಎಂದು ತಳ್ಳುತ್ತಲೇ ಬಂದಿದ್ದರು. ಇಬ್ಬರೂ ಸೇರಿ ಬೇಡದ್ದನ್ನೆಲ್ಲ ಕಿತ್ತುಹಾಕಿ, ಬಾಕಿ ಇದ್ದುದನ್ನು ಒಂದೊಂದಾಗಿ ಹಾಕಿದರು. ತಾನೇ ತಾನಾಗಿ ಹೋಗುತ್ತಿದ್ದ ಮೆಸೇಜು ನಿಂತಿತು. ಆಮೇಲೆ ಗೌರಿಬಿದನೂರಿಗೆ ಹೋಗಿ ಖಾಲಾನ ಫೋನನ್ನೂ ಸರಿಮಾಡಿ ಕೊಟ್ಟರು. ಈಗ ಖಾಲಾ ತಮ್ಮ ಬೀದಿಯವರನ್ನೆಲ್ಲ ಫೋನಿನ ಸಮೇತ ಬಸ್ಸು ಹತ್ತಿಸಿ ಕಳಿಸುತ್ತಾರೆ, ಜತೆಗೆ ಉಪ್ಪಿನಕಾಯಿ.

ಆ ಧೈರ್ಯದಿಂದಲೇ ಈ ಮಳಿಗೆ ತೆರೆದ ಹೊಸತರಲ್ಲಿ ನಕ್ಕವರೇ ಹೆಚ್ಚು. ಅಪ್‌ಡೇಟ್ ಹಾಕಿದರೆ ಫೋನು ನಿಧಾನವಾಗುತ್ತದೆ ಎಂದರು. ಈಯಮ್ಮ ನಮ್ಮ ಫೋಟೊ ನೋಡುತ್ತಾಳೆ ಎಂದರು. ಅದಕ್ಕೇ ಅವರು ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದಾರೆ. ಫೋನಿನ ಲಾಕ್ ಮಾಲೀಕರೇ ತೆಗೆದುಕೊಡಬೇಕು, ನಂಬರ್ ಹೇಳಕೂಡದು. ಅಪ್‌ಡೇಟ್ ಮುಗಿದು ಫೋನು ಮತ್ತೆ ಎದ್ದಾಗ ಲಾಕ್ ಆಗಿಯೇ ಇರುತ್ತದೆ, ಮಾಲೀಕರು ಬಂದು ತಾವೇ ತೆಗೆಯಬೇಕು. "ಬೇರೆಯವ್ರ ಮನೆ ಬೀಗದ ಕೈ ನನಗ್ಯಾಕೆ" ಎನ್ನುವುದು ಅವರ ಮಾತು.

ನಾನು ಹೋದ ದಿನ ಟೆಂಪೊಗಳ ಸದ್ದು ಕಡಿಮೆಯಾಗುವ ಹೊತ್ತಿಗೆ ಅಂಬಾಜಿದುರ್ಗದ ಕಡೆಯ ಹಳ್ಳಿಯಿಂದ ವರಲಕ್ಷ್ಮಿ ಎನ್ನುವ ಹೆಂಗಸು ಬಂದರು. ಹಿಪ್ಪುನೇರಳೆ ಬೆಳೆದು ಹುಳು ಸಾಕುವವರು. ಜತೆಗೆ ಅವರ ಅತ್ತೆ ರಾಮಲಕ್ಷ್ಮಮ್ಮ, ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದರು. ವರಲಕ್ಷ್ಮಿ ಫೋನನ್ನು ಹಲಗೆಯ ಮೇಲೆ ಇಡಲಿಲ್ಲ, ಎದೆಗೆ ಒತ್ತಿ ಹಿಡಿದೇ ನಿಂತರು.

"ಬಾನಮ್ಮ, ಬ್ಯಾಂಕಿಂದು ತೆಗ್ಯಕ್ಕೇ ಆಗ್ತಿಲ್ಲ. ಫೋನು ಹಳೇದು, ಅಪ್‌ಡೇಟ್ ಮಾಡು ಅಂತದೆ. ಆದ್ರೆ ನಾನು ಮಾಡ್ಸಲ್ಲ. ಇನ್ನೇನಾದ್ರೂ ದಾರಿ ಐತಾ?"

"ಯಾಕಮ್ಮ ಮಾಡ್ಸಲ್ಲ?"

"ಅಪ್‌ಡೇಟ್ ಆದ್ರೆ ಒಳಗಿರೋದೆಲ್ಲ ಅಳಿಸೋಗ್ತದಂತೆ. ಇದ್ರಲ್ಲಿ ನಮ್ಮತ್ತೆ ಹಾಡು ಐತೆ."

ಕಥೆ ಹೀಗಿತ್ತು. ವರಲಕ್ಷ್ಮಿಯ ಮಗಳು ಬಿಂದುಶ್ರೀ ತೊಟ್ಟಿಲಲ್ಲಿದ್ದಾಗ ರಾಮಲಕ್ಷ್ಮಮ್ಮ ದಿನವೂ ತೆಲುಗಿನ ಜೋಗುಳವೊಂದನ್ನು ಹಾಡುತ್ತಿದ್ದರು. ಒಂದು ದಿನ ವರಲಕ್ಷ್ಮಿ ಸುಮ್ಮನೆ ಖುಷಿಗೆ ರೆಕಾರ್ಡ್ ಮಾಡಿಕೊಂಡಿದ್ದರು. ಆಮೇಲೆ ರಾಮಲಕ್ಷ್ಮಮ್ಮನಿಗೆ ಗಂಟಲಲ್ಲಿ ಗಡ್ಡೆಯಾಗಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಮೊಮ್ಮಗಳು ಈಗ ಸ್ಕೂಲಿಗೆ ಹೋಗುತ್ತಾಳೆ, ರಾತ್ರಿ ಈ ಹಾಡು ಕೇಳಿಯೇ ಮಲಗುತ್ತಾಳೆ. ಫೋನು ಅಪ್‌ಡೇಟ್ ಕೇಳಿದಾಗಲೆಲ್ಲ ವರಲಕ್ಷ್ಮಿ ಬೇಡ ಎಂದು ಒತ್ತುತ್ತಲೇ ಬಂದಿದ್ದರು.

ಶಹರ್ ಬಾನು ಅವಸರ ಮಾಡಲಿಲ್ಲ. "ಅಳಿಸೋಗಲ್ಲಮ್ಮ. ಆದ್ರೂ ನನ್ ಮಾತು ನಂಬ್ಬೇಡಿ. ಮೊದ್ಲು ಹಾಡನ್ನ ಬೇರೆ ಕಡೆ ಇಟ್ಕೊಳ್ಳಣ, ಆಮೇಲೆ ನೋಡಣ" ಎಂದು ಡ್ರಾಯರಿನಿಂದ ಒಂದು ಮೆಮೊರಿ ಕಾರ್ಡ್ ತೆಗೆದರು. ಫೋನನ್ನು ವರಲಕ್ಷ್ಮಿಯ ಕೈಯಲ್ಲೇ ಬಿಟ್ಟು, ಕಾರ್ಡ್ ತೂರಿಸಿ, ಹಾಡನ್ನು ಅದಕ್ಕೆ ಇಳಿಸಿದರು. ಕಾರ್ಡನ್ನು ತಮ್ಮ ಫೋನಿಗೆ ಹಾಕಿ, ಅಲ್ಲಿಂದ ಹಾಡು ಕೇಳಿಸಿದರು. ತುಸು ಒಡಕಿನ, ಆದರೂ ತುಂಬಿದ ದನಿ. ಹಿಂದೆ ಎಲ್ಲೋ ಕೋಳಿ ಕೂಗುವುದು, ಯಾರೋ ಕೊಡ ಇಡುವ ಸದ್ದು. ಟೀ ಅಂಗಡಿಯವರು ಲೋಟ ತೊಳೆಯುವುದನ್ನು ನಿಲ್ಲಿಸಿ ಇತ್ತ ನೋಡಿದರು.

"ಇಲ್ಲೊಂದು ಐತೆ, ನಿಮ್ಮತ್ರ ಒಂದು ಐತೆ. ಈಗ ಹಾಕ್ಲಾ?"

ವರಲಕ್ಷ್ಮಿ ಫೋನಿನ ಮೇಲಿನ ಹಿಡಿತ ಸಡಿಲಿಸಲಿಲ್ಲ. ಆಗ ರಾಮಲಕ್ಷ್ಮಮ್ಮ ಮುಂದೆ ಬಂದು, ಸೊಸೆಯ ಕೈಯಿಂದ ಫೋನು ಬಿಡಿಸಿಕೊಂಡು ಹಲಗೆಯ ಮೇಲೆ ಇಟ್ಟರು. ಎಲ್ಲಿ ಒತ್ತಬೇಕು ಎಂದು ಕಣ್ಣಿನಲ್ಲೇ ಕೇಳಿದರು. ಶಹರ್ ಬಾನು ತೋರಿಸಿದ ಕಡೆ ತಾವೇ ಬೆರಳಿಟ್ಟು ಒತ್ತಿದರು.

ಚಕ್ರ ಸುತ್ತತೊಡಗಿತು. ನಡುವೆ ಪರದೆ ಕಪ್ಪಾದಾಗ ವರಲಕ್ಷ್ಮಿ "ದೇವುಡಾ" ಎಂದು ಗೋಡೆಗೆ ಒರಗಿದರು. ಫೋನು ಮತ್ತೆ ಬೆಳಗಿತು. ಲಾಕ್ ತೆಗೆದು, ರೆಕಾರ್ಡರ್ ತೆರೆದರೆ ಒಳಗೆ ಏನೂ ಇಲ್ಲ. ಖಾಲಿ. ವರಲಕ್ಷ್ಮಿಯ ಮುಖ ಬಿಳಿಚಿಕೊಂಡಿತು.

"ಗಾಬರಿ ಆಗ್ಬೇಡ ತಾಯಿ. ಮನೆಗೆ ಸುಣ್ಣ ಬಳಿಸ್ದಾಗ ಸಾಮಾನು ಅತ್ತಿತ್ತ ಇಟ್ಟಿರ್ತೀವಲ್ಲ, ಹಂಗೆ ಇದು. ಹಳೇದೆಲ್ಲ ಬೇರೆ ರೂಮಲ್ಲಿ ಇಟ್ಟವ್ರೆ" ಎಂದ ಶಹರ್ ಬಾನು, ವರಲಕ್ಷ್ಮಿಯ ಕೈಯಲ್ಲೇ ಫೋನು ಹಿಡಿಸಿ, ಇಲ್ಲೊತ್ತಿ, ಈಗ ಇಲ್ಲಿ ಎಂದು ಹೇಳುತ್ತಾ ಹೋದರು. ಫೈಲುಗಳ ಒಳಗಿನ ಒಂದು ಫೋಲ್ಡರಿನಲ್ಲಿ ಹಾಡು ತಣ್ಣಗೆ ಕೂತಿತ್ತು. ಒತ್ತಿದರು. ದನಿ ಬಂತು.

ರಾಮಲಕ್ಷ್ಮಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದವರು ನಡುವೆ ಥಟ್ಟನೆ ಕೈಯೆತ್ತಿ, ತಲೆಯಾಡಿಸಿ, ಇಲ್ಲ ಇಲ್ಲ ಎಂದು ಸನ್ನೆ ಮಾಡಿದರು. ನಮಗೆ ಯಾರಿಗೂ ಅರ್ಥವಾಗಲಿಲ್ಲ. ವರಲಕ್ಷ್ಮಿಗೆ ಮೊದಲು ಹೊಳೆಯಿತು. "ಅವತ್ತು ಹಾಡೋವಾಗ ಅಲ್ಲೊಂದು ಸಾಲು ಬಿಟ್ಬಿಟ್ಟವ್ರಂತೆ. ಇಷ್ಟು ವರ್ಷ ಆದ್ಮೇಲೆ ಈಗ ಗೊತ್ತಾಯ್ತು ನೋಡಿ" ಎಂದು ನಗತೊಡಗಿದರು. ರಾಮಲಕ್ಷ್ಮಮ್ಮನೂ ಭುಜ ಕುಣಿಸುತ್ತಾ, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಬ್ಯಾಂಕಿನದೂ ತೆರೆಯಿತು. ಅದನ್ನು ಆ ಹೊತ್ತಿನಲ್ಲಿ ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಈಗ ಪೇಟೆಯ ಅಂಗಡಿಗಳಲ್ಲಿಯೂ ಗಾಳಿ ಬದಲಾಗಿದೆ. ಹೊಸ ಫೋನು ಕೊಳ್ಳುವ ಮೊದಲು ಇದಕ್ಕೆ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ ಎಂದು ಕೇಳಿ ಬನ್ನಿ ಎಂದು ಶಹರ್ ಬಾನು ಬಂದವರಿಗೆಲ್ಲ ಹೇಳಿಕೊಡುತ್ತಾರೆ. "ಹಲ್ಲು ನೋಡ್ದೆ ಎತ್ತು ತರ್ತೀರಾ? ಇದನ್ನೂ ಹಂಗೇ ನೋಡ್ಬೇಕು" ಎಂದು ಹೇಳಿದ್ದು ರೈತರಿಗೆ ಚೆನ್ನಾಗಿ ನಾಟಿದೆ. ಬಸ್ ಸ್ಟ್ಯಾಂಡಿನ ಬಳಿ ಫೋನ್ ಅಂಗಡಿ ಇಟ್ಟಿರುವ ಮೋಹನ್‌ಬಾಬು ಅವರಿಗೆ ಮೊದಮೊದಲು ಇದರಿಂದ ಸಿಟ್ಟು ಬಂದಿತ್ತು.

"ಪಂಚೆ ಉಟ್ಕೊಂಡು ಬಂದವ್ರೆಲ್ಲ ಕ್ಯಾಮೆರಾ ಕೇಳಲ್ಲ, ಬಣ್ಣ ಕೇಳಲ್ಲ, ಅಪ್‌ಡೇಟ್ ಎಷ್ಟು ವರ್ಷ ಅಂತಾರೆ. ನನಗೇ ಗೊತ್ತಿರ್ಲಿಲ್ಲ" ಎಂದು ಅವರೇ ಹೇಳಿಕೊಂಡು ನಗುತ್ತಾರೆ. ಈಗ ಮಾರುವ ಪ್ರತಿ ಫೋನಿನ ಡಬ್ಬಿಯ ಮೇಲೂ ಅದು ಎಷ್ಟು ವರ್ಷ ಎಂದು ಬರೆದು ಅಂಟಿಸುತ್ತಾರೆ. ಹಳೆ ಸ್ಟಾಕ್ ತರಿಸುವುದನ್ನು ನಿಲ್ಲಿಸಿದ್ದಾರೆ.

ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಂಡವರು ಬಂದರೆ ಮಾತ್ರ ಶಹರ್ ಬಾನು ಇವತ್ತಿಗೂ ತಬ್ಬಿಬ್ಬಾಗುತ್ತಾರೆ. "ತಾರೀಖಿನ ಮೇಲೆ ಭದ್ರತಾ ಪ್ಯಾಚ್ ಮಟ್ಟ ಅಂತ ಬರ್ದವ್ರೆ. ಮಟ್ಟ ಅಂದ್ರೆ ಗಾರೆಯವ್ರು ಗೋಡೆ ಮೇಲೆ ಇಡ್ತಾರಲ್ಲ, ಅದು ಅನ್ಕೊಂಡಿದ್ದೆ ನಾನು. ಬೀಗ ಯಾವಾಗ ಹಾಕಿದ್ದು ಅಂತ ಬರೆದ್ರೆ ಆಗಲ್ವಾ?" ಎಂದು ಕೇಳುತ್ತಾರೆ.

ಬಿಸಿಲು ಹಲಗೆಯವರೆಗೆ ಬಂದಿದೆ. ಹರಾಜಿನ ಹೊತ್ತಾಯಿತೆಂದು ಒಬ್ಬೊಬ್ಬರೇ ಬಂದು ಲಾಕ್ ತೆಗೆದು ನೋಡಿ, ಫೋನು ಜೇಬಿಗಿಳಿಸಿ ಹೊರಡುತ್ತಿದ್ದಾರೆ. ದೊಡ್ಡ ಮಳಿಗೆ ಮಾಡುವ ಆಸೆ ಇದೆಯೇ, ಚಿಕ್ಕಬಳ್ಳಾಪುರದಲ್ಲಿ ಇನ್ನೊಂದು ಅಂಗಡಿ ತೆರೆಯುತ್ತೀರಾ ಎಂದು ಕೇಳುತ್ತೇನೆ. ಶಹರ್ ಬಾನು ಹೊರಗೆ, ಬಾಗಿಲ ಬಳಿ ಮೊಣಕಾಲು ಹಿಡಿದು ನಿಂತಿರುವ ಮುದುಕರೊಬ್ಬರನ್ನು ನೋಡುತ್ತಾರೆ. ಅವರ ಫೋನಿನಲ್ಲಿ ಚಕ್ರ ಇನ್ನೂ ಅರ್ಧವೂ ಸುತ್ತಿಲ್ಲ.

"ಅಂಗ್ಡಿ ಇಷ್ಟೇ ಸಾಕು ಸಾರ್. ಹೊರಗೆ ಒಂದು ಬೆಂಚು ಹಾಕಿಸ್ಬೇಕು. ಇದನ್ನ ಅವಸರ ಮಾಡಕ್ಕಾಗಲ್ಲ, ಅರ್ಧಕ್ಕೆ ಬಿಡಕ್ಕಾಗಲ್ಲ. ಕಾಯೋರು ವಯಸ್ಸಾದೋರು" ಎನ್ನುತ್ತಾರೆ. ಮುಂದಿನ ಫೋನು ಕೈಗೆತ್ತಿಕೊಂಡು, ಒಂದು ಗಳಿಗೆ ಯೋಚಿಸಿ, ಸೇರಿಸುತ್ತಾರೆ: "ಬೆನ್ನಿಗೆ ಒರಗೋದೂ ಇರ್ಬೇಕು."