ಅಣ್ಣನ ಬೇಳೆ

ನಮ್ಮಣ್ಣ ಓವರ್‌ಸಿಯರ್ ಆದಾಗ ಮಳವಳ್ಳಿ ಕಡೆಯ ನಮ್ಮ ತವರೂರಿನಲ್ಲಿ ಮನೆಮನೆಗೂ ಬೆಲ್ಲ ಹಂಚಿದ್ದರು. ಷರಾಯಿ ತೊಟ್ಟು ಸರ್ಕಾರಿ ಕೆಲಸಕ್ಕೆ ಹೋದವನು ನಮ್ಮ ವಂಶದಲ್ಲಿ ಅವನೇ ಮೊದಲು. ಆಗ ನನ್ನನ್ನು ಮದ್ದೂರಿನ ಹತ್ತಿರದ ಒಂದು ಊರಿಗೆ ಕೊಟ್ಟು ಎರಡು ವರ್ಷವಾಗಿತ್ತು. ನಾಲೆಯ ನೀರು ಬಂದು ಮಂಡ್ಯದ ಸುತ್ತ ಕಬ್ಬು ಏಳುತ್ತಿದ್ದ ಕಾಲ. ಪೇಟೆಗಳು ಬೆಳೆಯುತ್ತಿದ್ದವು, ಕುಡಿಯುವ ನೀರಿಗೆ ಬಾಯಿಬಾಯಿ ಬಿಡುತ್ತಿದ್ದವು. ನನ್ನ ಗಂಡನ ಊರಿಗೆ ನಾಲೆಯ ಭಾಗ್ಯ ಇರಲಿಲ್ಲ. ಇದ್ದದ್ದು ಒಂದು ಹಳೇ ಕೆರೆ, ಒಂದು ಸವಳು ಬಾವಿ.

ಆ ಕೆರೆಯ ನೀರನ್ನು ಕೊಳವೆಯಲ್ಲಿ ಪೇಟೆಗೆ ಒಯ್ಯಬಹುದೇ ಎಂದು ಪರೀಕ್ಷೆ ಮಾಡಲು ಸರ್ಕಾರ ಕಳಿಸಿದ್ದು ಯಾರನ್ನು ಅಂತೀರಿ? ನಮ್ಮಣ್ಣನನ್ನೇ.

ಕೆರೆ ಕೈತಪ್ಪಿದರೆ ಬಾಯಿಗೆ ನೀರಿಲ್ಲ ಎಂದು ಊರಿನ ಗಂಡಸರಿಗೆಲ್ಲ ಗೊತ್ತಿತ್ತು. ಅವರು ಚಾವಡಿಯಲ್ಲಿ ಕೂತು ಒಂದು ಮಾತು ಕಟ್ಟಿಕೊಂಡರು. ಅಣ್ಣ ಬಂದು ಕೇಳಿದಾಗ ಎಲ್ಲರದೂ ಒಂದೇ ರಾಗ: ‘ಈ ಕೆರೆ ನೀರು ಬರೀ ಸವಳು ಸ್ವಾಮಿ. ಸಿವರಾತ್ರಿ ಕಳೀತಿದ್ದಂಗೆ ಬತ್ತೋಯ್ತದೆ.’ ಅವನು ತಲೆಯಾಡಿಸಿ ಈಚೆ ಬಂದ. ಹಿಂದಿನಿಂದ ಗೌಡರು ಮೀಸೆಯಡಿ ನಕ್ಕರಂತೆ: ‘ನಮ್ಮೂರಲ್ಲಿ ಇವನ ಬೇಳೆ ಬೇಯಾಕಿಲ್ಲ ಕಣ್ರಲಾ.’

ಈ ಮಹಾ ಬುದ್ಧಿವಂತರು ಕಟ್ಟಿಕೊಂಡ ಮಾತನ್ನು ಹೆಂಗಸರಿಗೆ ಮಾತ್ರ ಹೇಳಿರಲಿಲ್ಲ. ದಿನಾ ಬೆಳಗಾದರೆ ನೀರು ಹೊರುವವರು ನಾವು. ಕೆರೆಯ ವಿಷಯ ನಮ್ಮನ್ನೂ ಯಾರಾದರೂ ಕೇಳಿಯಾರು ಎಂದು ಅವರ ತಲೆಗೆ ಹೊಳೆದೇ ಇರಲಿಲ್ಲ.

ಅಣ್ಣ ಮೂರು ದಿನ ನಮ್ಮ ಮನೆಯಲ್ಲೇ ಉಳಿದ. ತವರಿನವರು ಬಂದರೆ ಹೆಣ್ಣಿಗೆ ಆಗುವ ಹಿಗ್ಗು ಹೇಳತೀರದು, ನಾನಂತೂ ನೆಲದ ಮೇಲೆ ನಡೆಯುತ್ತಿರಲಿಲ್ಲ. ‘ನಿನ್ ಕೈ ಸಾರು ಉಂಡು ಎಸ್ಟು ದಿನ ಆಯ್ತವ್ವಾ’ ಅಂದ. ಮೊದಲ ದಿನ ಕೆರೆ ನೀರಿನಲ್ಲಿ ತೊಗರಿಬೇಳೆ ಬೇಯಿಸಿದೆ. ಅವನು ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತ, ಜೇಬುಗಡಿಯಾರ ತೆಗೆದು ಮುಂದಿಟ್ಟುಕೊಂಡ. ಪಾಪ, ಹಸಿವು ತಡೆಯಲಾರದೆ ಹೊತ್ತು ನೋಡುತ್ತಿದ್ದಾನೆ ಅಂದುಕೊಂಡೆ ನಾನು. ಎರಡನೇ ದಿನ ಅವನೇ ಬಾವಿಯಿಂದ ಒಂದು ಬಿಂದಿಗೆ ಸೇದಿ ತಂದ. ‘ಇವತ್ತು ಇದ್ರಲ್ಲಿ ಬೇಯ್ಸವ್ವಾ, ನಿಂಗ್ಯಾಕೆ ಕೆರೆಗಂಟ ಓಗೋ ಸ್ರಮ.’ ನನಗೆ ಕಣ್ಣು ತುಂಬಿ ಬಂತು. ಆ ಮನೆಯಲ್ಲಿ ಯಾವ ಗಂಡಸೂ ನನಗಾಗಿ ಒಂದು ಚೊಂಬು ನೀರು ತಂದವನಲ್ಲ.

ಬೇಳೆ ಹಾಗೇ ಕಲ್ಲಿನಂತೆ ಕೂತಿತು. ನನಗೆ ನಾಚಿಕೆ. ‘ಬಾವಿ ನೀರಲ್ಲಿ ಬೇಯಾಕಿಲ್ಲ ಕಣಣ್ಣ, ಕೆರೆ ನೀರಾದ್ರೆ ಬೆಣ್ಣೆ ಆಯ್ತದೆ’ ಅಂದೆ.

‘ಬೇಸ್ಗೇಲಿ ಏನ್ ಮಾಡ್ತೀರವ್ವಾ, ಕೆರೆ ಬತ್ತಿದ್ ಮೇಲೆ?’

‘ಎಲ್ಲಿ ಬತ್ತದೆ? ಮೂಡ್ಲ ಮೂಲೇಲಿ ಮೊಣಕೈ ಉದ್ದ ಚಿಲುಮೆ ತೋಡುದ್ರೆ ಎಳನೀರಂಗೆ ಉಕ್ತದೆ. ನಾ ಬಂದಾಗಿಂದ ಒಂದು ದಿನಾನೂ ತಪ್ಪಿಲ್ಲ.’

ಗಂಡನ ಊರಿನ ಹೆಚ್ಚುಗಾರಿಕೆಯನ್ನು ಅಣ್ಣನ ಮುಂದೆ ಹೇಳುವ ಸುಖ ನನಗೆ. ಅವನು ಪುಟ್ಟ ಪುಸ್ತಕ ತೆಗೆದು ಏನೋ ಬರೆದುಕೊಂಡ. ಮಾರನೇ ದಿನ ಮೂಡಲ ಮೂಲೆಯನ್ನೂ ತೋರಿಸಿದೆ. ಹೊರಡುವಾಗ ತಲೆ ಸವರಿ, ‘ನೀ ಚೆನ್ನಾಗಿರವ್ವಾ’ ಅಂದ.

ತಿಂಗಳೆರಡು ಕಳೆದು ದೊಡ್ಡ ಸಾಹೇಬರು ಚಾವಡಿಗೆ ಬಂದರು. ಊರಿನವರು ಮತ್ತೆ ಸವಳಿನ ರಾಗ ಎಳೆದಾಗ ಅವರು ಕಾಗದ ಬಿಡಿಸಿ ಓದಿದರಂತೆ: ಕೆರೆ ನೀರಿನಲ್ಲಿ ಬೇಳೆ ಇಷ್ಟು ಹೊತ್ತಿಗೆ ಬೇಯುತ್ತದೆ, ಮೂಡಲ ಮೂಲೆಯಲ್ಲಿ ಒರತೆ ಇದೆ, ಬೇಸಿಗೆಯಲ್ಲೂ ಬತ್ತುವುದಿಲ್ಲವೆಂದು ಈ ಊರಿನ ಹೆಣ್ಣುಮಗಳೇ ಹೇಳಿದ್ದಾಳೆ. ಚಾವಡಿಯ ಮಂದಿಯೆಲ್ಲ ನನ್ನ ಗಂಡನ ಮುಖ ನೋಡಿದರಂತೆ. ಓವರ್‌ಸಿಯರ್ ಉಂಡಿದ್ದು ಯಾರ ಮನೆಯಲ್ಲಿ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಅತ್ತೆ ಒಂದೇ ಮಾತು ಅಂದರು: ‘ಅವನ ಬೇಳೆ ಬೆಂದದ್ದು ನಿನ್ ಮಡಿಕೇಲಿ ಕಣಮ್ಮ.’

ನಾನು ಮೋಸ ಹೋಗಿದ್ದೆ. ಪರರ ಕೈಯಲ್ಲಾಗಿದ್ದರೆ ಬೈದು ಮರೆಯುತ್ತಿದ್ದೆ. ಒಡಹುಟ್ಟಿದವನ ಕೈಯಲ್ಲಿ ಮೋಸ ಹೋದದ್ದನ್ನು ಎಲ್ಲಿ ಹೇಳಿಕೊಳ್ಳಲಿ? ಕೆರೆಗೆ ಮುಳ್ಳುತಂತಿ ಬಂತು, ಕಾವಲುಗಾರ ಬಂದ. ನೀರು ಕೊಳೆಯಾಗುತ್ತದೆ, ಯಾರೂ ಇಳಿಯಬಾರದು ಎಂದರು. ಕೊಳವೆ ನಮ್ಮ ಮನೆಯ ಮುಂದೆಯೇ ಹಾದು ಪೇಟೆಗೆ ಹೋಯಿತು. ನಮ್ಮೂರಿಗೆ ಒಂದು ನಲ್ಲಿಯನ್ನೂ ಇಡಲಿಲ್ಲ. ಬಾವಿಯ ಹತ್ತಿರ ನಾನು ಹೋದರೆ ಹೆಂಗಸರು ಬೆನ್ನು ತಿರುಗಿಸುತ್ತಿದ್ದರು. ಕೆಲವರು ಹಗ್ಗವನ್ನು ಕೈಗೆ ಕೊಡದೆ ನೆಲಕ್ಕೆ ಹಾಕಿ ಹೋಗುತ್ತಿದ್ದರು.

ಆ ವರ್ಷದ ಗೌರಿಹಬ್ಬಕ್ಕೆ ಗಂಗೆ ತರಲು ಕೆರೆಗೆ ಇಳಿಯುವಂತಿರಲಿಲ್ಲ. ಕಾವಲುಗಾರ ತಂತಿಯ ಆಚೆಯಿಂದ ಒಂದು ಚೊಂಬು ಮೊಗೆದುಕೊಟ್ಟ, ನಾವು ಅದಕ್ಕೇ ಅರಿಶಿನ ಕುಂಕುಮ ಇಟ್ಟೆವು. ಅದೇ ಮಧ್ಯಾಹ್ನ ಅಣ್ಣ ಬಾಗಿನ ತಗೊಂಡು ಬಂದ. ಸೀರೆ, ಬಳೆ ಎಲ್ಲ ಇತ್ತು. ಏನೂ ಆಗದವನಂತೆ, ‘ಸಾರು ಮಾಡಿದ್ದೀಯೇನವ್ವಾ?’ ಅಂದ.

ಮಾಡಿದ್ದೆ. ಮುದ್ದೆ ಇಟ್ಟು ಸಾರು ಬಡಿಸಿದೆ. ಒಂದು ತುತ್ತು ನುಂಗಿ ತಲೆಯೆತ್ತಿದ.

‘ಯಾಕವ್ವಾ, ಬೇಳೆ ಬೆಂದೇ ಇಲ್ಲ?’

‘ಬಾವಿ ನೀರು ಕಣಣ್ಣ’ ಅಂದೆ. ‘ಬರ್ಕೊ.’

ಅವನು ಪುಸ್ತಕ ತೆಗೆಯಲಿಲ್ಲ. ತಟ್ಟೆಯಲ್ಲಿದ್ದ ಬೇಳೆಕಾಳನ್ನು ಬೆರಳಿನಿಂದ ಒತ್ತಿ ನೋಡಿದ.