ನೆಲದ ಸ್ವಂತ ಉಪ್ಪು

ಯಲಹಂಕದ ಬಳಿಯ ಕೋಗಿಲಿನಲ್ಲಿ ಮುನಿಶಾಮಮ್ಮನ ಬಗ್ಗೆ ಒಂದು ಮಾತು ಓಡಾಡುತ್ತದೆ: ಬಣ್ಣದ ಕಾರ್ಖಾನೆಯವರು ಹೇಳಿಕೊಟ್ಟಂತೆ ಆಕೆ ತನ್ನ ಬಾವಿಗೆ ತಾನೇ ಉಪ್ಪು ಸುರಿದಳು, ತನ್ನ ತಮ್ಮ ಬೈರಣ್ಣನಿಗೆ ಅಲ್ಲಿ ಕೆಲಸ ಕಾಯಂ ಆಗಲೆಂದು ಹೆತ್ತ ಮಗಳ ಬದುಕು ಕೆಡಿಸಿದಳು. ಉಪ್ಪು ಸುರಿದದ್ದು ನಿಜ. ಉಳಿದದ್ದು ಸುಳ್ಳು. ಬೈರಣ್ಣ ಆ ಕಾರ್ಖಾನೆಯಲ್ಲಿ ಮೂಟೆ ಹೊರುತ್ತಿದ್ದ, ಆದರೆ ಬಾವಿಯ ತಕರಾರು ಹುಟ್ಟುವ ಮೊದಲೇ ಆತನನ್ನು ಕೆಲಸದಿಂದ ತೆಗೆದಿದ್ದರು.

ಮುನಿಶಾಮಮ್ಮನ ಹೊಲ ಊರಿನ ಮೇಲಿನ ದಿಣ್ಣೆಯಲ್ಲಿದೆ. ಗಂಡ ತೀರಿಕೊಂಡ ಮೇಲೆ ಹೊಲವನ್ನೂ ಅದರ ನಡುವಿನ ಕಲ್ಲುಕಟ್ಟಿನ ಬಾವಿಯನ್ನೂ ಒಬ್ಬಳೇ ನೋಡಿಕೊಂಡಳು. ಬಾವಿಯ ಸುತ್ತ ಬಟ್ಟೆ ಒಗೆಯಲು, ದನ ಕಟ್ಟಲು ಯಾರಿಗೂ ಬಿಡಲಿಲ್ಲ. ತಿಪ್ಪೆಯನ್ನು ಹೊಲದ ಆಚೆಯ ಅಂಚಿಗೆ ಸಾಗಿಸಿದಳು. ಈ ಬಿಗಿಯಿಂದಾಗಿ ಊರಿನವರಿಗೆ ಆಕೆಯನ್ನು ಕಂಡರೆ ಅಷ್ಟಕ್ಕಷ್ಟೆ. ಮಗಳು ಸೊಣ್ಣಮ್ಮನನ್ನು ಅದೇ ಊರಿನ ಕೆಳಗಿನ ತೋಟದ ಚಿಕ್ಕಮಾರಯ್ಯನಿಗೆ ಕೊಟ್ಟಿದ್ದಳು. ಆ ಸಂಸಾರ ನಿಂತಿದ್ದದ್ದು ಒಂದು ಬಾವಿಯ ಮೇಲೆ, ಅದರ ನೀರುಂಡು ಬೆಳೆಯುವ ಕನಕಾಂಬರ ಮತ್ತು ಹುರುಳಿಕಾಯಿಯ ಮೇಲೆ.

೧೯೬೦ರ ಸುಮಾರಿಗೆ ಆ ತೋಟದ ಪಕ್ಕದ ಹಳ್ಳದ ದಡದಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯೊಂದು ಎದ್ದಿತು. ಬಣ್ಣ ನೂಲಿಗೆ ಹಿಡಿಯಬೇಕಾದರೆ ಉಪ್ಪು ಬೇಕು, ಮೂಟೆಗಟ್ಟಲೆ ಬೇಕು. ಬಳಸಿ ಬಿಟ್ಟ ನೀರು ಹೊರಗಿನ ಗುಂಡಿಗಳಲ್ಲಿ ನಿಂತು ನೆಲಕ್ಕೆ ಇಳಿಯುತ್ತಿತ್ತು. ಬಣ್ಣವನ್ನು ಮಣ್ಣು ತಡೆಯಿತು, ಉಪ್ಪನ್ನು ತಡೆಯಲಿಲ್ಲ. ಕೆಲವೇ ಬೇಸಿಗೆಗಳಲ್ಲಿ ಸೊಣ್ಣಮ್ಮನ ಹುರುಳಿಕಾಯಿ ಗಿಡದ ಎಲೆಗಳು ಅಂಚಿನಿಂದ ಒಳಕ್ಕೆ ಸುಟ್ಟುಕೊಂಡು ಬಂದವು. ಬಾವಿಯ ನೀರು ಬಾಯಿಗೆ ಇಡಲಾಗದಂತಾಯಿತು. ಚಿಕ್ಕಮಾರಯ್ಯ ಸರ್ಕಾರಕ್ಕೆ ಅರ್ಜಿ ಕೊಟ್ಟ. ಇಲ್ಲಿಯ ನೆಲವೇ ಉಪ್ಪಿನದು, ನಮ್ಮದೇನೂ ಇಲ್ಲ ಎಂದು ಕಾರ್ಖಾನೆ ಉತ್ತರ ಕೊಟ್ಟಿತು.

ವಿಚಾರಣೆಗಾಗಿ ನೀರಿನ ಪರೀಕ್ಷೆಯ ಕಚೇರಿಯಿಂದ ಮಜೀದ್ ಎಂಬ ರಸಾಯನಶಾಸ್ತ್ರಜ್ಞ ಬಂದ.

“ನಿಮ್ಮ ನೀರಲ್ಲಿ ಉಪ್ಪಿದೆ ಅನ್ನೋಕೆ ಪರೀಕ್ಷೆ ಯಾಕಮ್ಮ, ನಾಲಿಗೆ ಸಾಕು,” ಎಂದು ಸೊಣ್ಣಮ್ಮನಿಗೆ ಹೇಳಿದ. “ಅದ್ರಲ್ಲಿ ನೆಲದ್ದೆಷ್ಟು, ಅವರು ಸೇರಿಸಿದ್ದೆಷ್ಟು ಅಂತ ತೋರಿಸ್ಬೇಕು. ಅವರ ನೀರು ಮುಟ್ಟದೆ ಇರೋ ಬಾವಿ ಬೇಕು. ಕೊಳೆ ಸೇರಿರಬಾರ್ದು.”

“ನಮ್ಮವ್ವಂದೈತೆ ಸಾಮಿ. ಕಾಗೆ ಕುಂತ್ರೂ ಕಲ್ಲು ತಗೊಂಡು ಓಡಿಸ್ತಾಳೆ.”

ದಿಣ್ಣೆಯ ಉಳಿದ ಬಾವಿಗಳನ್ನೂ ಮಜೀದ್ ನೋಡಿದ. ಕೆಲವು ಬತ್ತಿದ್ದವು, ಕೆಲವಕ್ಕೆ ತಿಪ್ಪೆಯ ರಸ ಇಳಿಯುತ್ತಿತ್ತು. ಕೊನೆಗೆ ಮುನಿಶಾಮಮ್ಮನ ಬಾವಿಯನ್ನೇ ಆರಿಸಿ, ಬರುವ ಸೋಮವಾರ ನೀರು ತೆಗೆದುಕೊಳ್ಳುತ್ತೇನೆ, ಅಲ್ಲಿಯವರೆಗೆ ಜೋಪಾನ ಎಂದು ಹೇಳಿಹೋದ.

ಮದುವೆಗೆ ನೆಂಟರು ಬರುವ ಮುನ್ನ ಬಾವಿಯ ಹೂಳೆತ್ತಿ, ಒಂದು ಮಂಕರಿ ಸುಣ್ಣ, ಒಂದು ಮಂಕರಿ ಉಪ್ಪು ಹಾಕಿ ನೀರನ್ನು ತಿಳಿಯಾಗಲು ಬಿಡುವುದು ಆ ಮನೆಯವರ ಪದ್ಧತಿ. ಸರ್ಕಾರದವರೇ ನೀರು ಕೇಳಿಕೊಂಡು ಬರುವಾಗ ಅಷ್ಟೂ ಮಾಡದಿರುವುದು ಮುನಿಶಾಮಮ್ಮನಿಗೆ ಸಾಧ್ಯವಿರಲಿಲ್ಲ. ಬೇಸಿಗೆಯಾದ್ದರಿಂದ ಬಾವಿಯಲ್ಲಿ ನೀರು ಮೊಣಕಾಲುದ್ದವಷ್ಟೇ ಇತ್ತು. ಆಕೆ ಮಂಕರಿ ಬಗ್ಗಿಸುತ್ತಿದ್ದಾಗ ಪಕ್ಕದ ಹೊಲದ ಗೌರಮ್ಮ ಬದುವಿನ ಮೇಲಿಂದ ಕೂಗಿದಳು:

“ಏನಕ್ಕ, ಬಾವಿ ನೋಡಕ್ಕೆ ಗಂಡಿನ ಕಡೇರು ಬರ್ತಾವ್ರಾ? ಇಷ್ಟೊಂದು ಸಿಂಗಾರ!”

“ಸುಮ್ನಿರೇ. ನಮ್ ನೀರು ಚೆಂದಾಗಿದ್ರೆ ತಾನೇ ಮಗಳ ಬಾವಿ ನೀರು ಎಂಗೆ ಕೆಟ್ಟೈತೆ ಅಂತ ಕಾಣಾದು?”

ಸೋಮವಾರ ಮಜೀದ್ ಸೀಸೆ ತುಂಬಿಸಿಕೊಳ್ಳುತ್ತ, ಕೊಳೆ ಏನಾದರೂ ಸೇರಿತೆ ಎಂದು ಕೇಳಿದ. ಒಂದು ಎಲೆಯೂ ಬಿದ್ದಿಲ್ಲ ಎಂದಳು. ಅದು ನಿಜವೇ ಆಗಿತ್ತು. ಶುದ್ಧಿಗೆಂದು ಏನಾದರೂ ಹಾಕಿದ್ದೀರಾ ಎಂದು ಕೇಳಬೇಕೆಂದು ಪೇಟೆಯಲ್ಲಿ ಹುಟ್ಟಿ ನಲ್ಲಿ ನೀರು ಕುಡಿದು ಬೆಳೆದ ಆತನಿಗೆ ಹೊಳೆಯಲಿಲ್ಲ.

ಮಳೆಗಾಲದ ಮೊದಲು ವರದಿ ಬಂತು. ಮೇಲಿನ ಬಾವಿಗೂ ಕೆಳಗಿನ ಬಾವಿಗೂ ಉಪ್ಪಿನಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಆದ್ದರಿಂದ ಈ ಉಪ್ಪು ನೆಲಕ್ಕೆ ಸಹಜವಾದದ್ದು. ಚಿಕ್ಕಮಾರಯ್ಯ ಬಂದು ಇದನ್ನು ಹೇಳಿದಾಗ ಮುನಿಶಾಮಮ್ಮ ರಾಗಿ ಕೇರುತ್ತಿದ್ದಳು. ಮೊರವನ್ನು ಕೆಳಗಿಟ್ಟಳು. ಮರುದಿನವೇ ಬಸ್ಸು ಹತ್ತಿ ಮಜೀದನ ಕಚೇರಿ ಹುಡುಕಿಕೊಂಡು ಹೋದಳು.

“ಸಾಮಿ, ಆ ಉಪ್ಪು ನೆಲದ್ದಲ್ಲ. ನಾನ್ ಆಕಿದ್ದು.”

ಆತ ವರದಿಯ ಕಡತ ತೆರೆದು ನೋಡಿದ. “ಅವತ್ತೇ ಯಾಕಮ್ಮ ಹೇಳ್ಲಿಲ್ಲ?”

“ನೀವು ಕೊಳೆ ಕೇಳಿದ್ರಿ. ಉಪ್ಪು ಯಾವತ್ತಿಂದ ಕೊಳೆ ಆಯ್ತು ಸಾಮಿ?”

ಮಜೀದ್ ನಂಬಿದ. ತಾನೇ ನಿಂತು ಬಾವಿಯನ್ನು ಬರಿದು ಮಾಡಿಸಿ, ಊಟೆಯಿಂದ ಹೊಸ ನೀರು ಜಿನುಗಿ ತುಂಬಿದ ಮೇಲೆ ಮತ್ತೆ ಪರೀಕ್ಷಿಸಿದ. ಈ ಸಲ ಉಪ್ಪು ಅತ್ಯಲ್ಪ. ದಿಣ್ಣೆಯ ನೆಲಕ್ಕೆ ಹುಟ್ಟಿನಿಂದ ಬಂದದ್ದು ಇಷ್ಟೇ ಎನ್ನುವುದು ಸ್ಪಷ್ಟವಾಗಿತ್ತು. ಅದನ್ನೂ ಬರೆದು ಮೇಲಕ್ಕೆ ಕಳಿಸಿದ. ವಿಚಾರಣೆಯ ದಿನ ಕಾರ್ಖಾನೆಯ ವಕೀಲರು ಮುನಿಶಾಮಮ್ಮನನ್ನು ಹೆಚ್ಚೇನೂ ಕೇಳಲಿಲ್ಲ.

“ಅರ್ಜಿ ಕೊಟ್ಟವರ ಹೆಂಡತಿ ನಿಮಗೇನಾಗ್ಬೇಕು?”

“ಮಗಳು.”

ಅಷ್ಟು ಸಾಕಾಯಿತು. ಒಮ್ಮೆ ಬಾವಿಗೆ ಕೈಯಾಡಿಸಿದವಳು ಎರಡನೆಯ ಸಲ ಆಡಿಸಿಲ್ಲ ಎನ್ನುವುದಕ್ಕೆ ಆಧಾರವೇನು? ಮಗಳಿಗಾಗಿ ತಾಯಿ ಏನು ತಾನೇ ಹೇಳಲಾರಳು? ವಿಚಾರಣೆಯ ಅಧಿಕಾರಿಗಳು ಎರಡನೆಯ ಪರೀಕ್ಷೆಯನ್ನು ಬದಿಗಿಟ್ಟು ಮೊದಲನೆಯದನ್ನು ಉಳಿಸಿಕೊಂಡರು.

ಜನ ತುಂಬಿದ ಕೋಣೆಯಲ್ಲಿ ಆಕೆ ಒಪ್ಪಿಕೊಂಡ ಮಾತಿನ ಅರ್ಧವಷ್ಟೇ ಊರಿಗೆ ಬಂದು ಮುಟ್ಟಿತು. ಗೌರಮ್ಮ, ಮಂಕರಿ ಬಗ್ಗಿಸಿದ್ದನ್ನು ಕಣ್ಣಾರೆ ಕಂಡೆ ಎಂದಳು, ಸುಳ್ಳೇನೂ ಹೇಳಲಿಲ್ಲ. ಉಳಿದರ್ಧವನ್ನು ಬೈರಣ್ಣನ ಹೆಸರಿನಿಂದ ಜನರೇ ತುಂಬಿಕೊಂಡರು. ಆ ಗಾಳಿಮಾತನ್ನು ಸೊಣ್ಣಮ್ಮ ನಂಬಲಿಲ್ಲ. ಅದಕ್ಕಿಂತ ಕಠಿಣವಾದದ್ದನ್ನು ತಾಯಿಗೆ ಹೇಳಿದಳು:

“ನೀನು ಏನೂ ಮಾಡ್ದೆ ಸುಮ್ಕಿದ್ದಿದ್ರೆ ಸಾಕಿತ್ತು ಕಣವ್ವ.”

ಈಗ ೧೯೬೮. ಕಾರ್ಖಾನೆ ನಡೆಯುತ್ತಿದೆ, ಗುಂಡಿಗಳು ದೊಡ್ಡದಾಗಿವೆ. ಸೊಣ್ಣಮ್ಮನ ತೋಟದಲ್ಲಿ ಬೆಳೆಯಿಲ್ಲ. ಗಂಡ ಹೆಂಡಿರಿಬ್ಬರೂ ಯಲಹಂಕದಲ್ಲಿ ಇಟ್ಟಿಗೆ ಗೂಡಿಗೆ ಕೂಲಿ ಹೋಗುತ್ತಾರೆ. ಮುನಿಶಾಮಮ್ಮ ಬದುಕಿದ್ದಾಳೆ, ಆಕೆಯ ಬಾವಿಯ ನೀರು ಸಿಹಿಯಾಗಿದೆ. ಸರ್ಕಾರದ ದಾಖಲೆಯಲ್ಲಿ ಕೋಗಿಲಿನ ನೆಲ ಸಹಜವಾಗಿಯೇ ಉಪ್ಪಿನದು.