ಕಾರಣ ಕೇಳಲು ಬಂದ ಅಜ್ಜಿ

ಇಸವಿ 2004. ಆಗ ನಾನು ರಾಣೆಬೆನ್ನೂರಿನಲ್ಲಿ ಮಕ್ಕಳ ವೈದ್ಯನಾಗಿ ಸ್ವಂತ ದವಾಖಾನೆ ನಡೆಸುತ್ತಿದ್ದೆ. ಚಳಿಗಾಲದ ಒಂದು ಬೆಳಿಗ್ಗೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರ ಮನೆಯಿಂದ ಗಂಗಮ್ಮ ಎಂಬ ಹಿರಿಯರು ಸೊಸೆ ನೇತ್ರಾಳನ್ನು ಕರೆದುಕೊಂಡು ಬಂದರು. ಜೊತೆಯಲ್ಲಿ ಕೂಸಿರಲಿಲ್ಲ. ಐರಣಿಯ ತವರಿನಲ್ಲಿ ಹುಟ್ಟಿದ ಚೊಚ್ಚಲ ಗಂಡುಮಗು, ಮೂರನೇ ತಿಂಗಳಲ್ಲಿ ಬ್ಯಾಡಗಿಗೆ ಬಂದ ವಾರದೊಳಗೇ ನಿದ್ದೆಯಲ್ಲಿ ತೀರಿಕೊಂಡಿತ್ತು.

ಗಂಗಮ್ಮನವರಿಗೆ ನನ್ನಿಂದ ಒಂದೇ ಮಾತು ಬೇಕಿತ್ತು. "ಇಕಿ ಮಲಕೊಂಡ ಹಾಲು ಕುಡಸ್ಯಾಳ್ರಿ. ಹಾಲು ನೆತ್ತಿಗೇರಿ ಕೂಸು ಹೋಗೈತಿ. ಹೌದೋ ಅಲ್ಲೋ ಹೇಳಿಬಿಡ್ರಿ." ಹೌದು ಎಂದರೆ ಸೊಸೆಯನ್ನು ತವರಿಗೆ ಬಿಟ್ಟುಬರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ತವರಿನವರು ಪಟ್ಟುಹಿಡಿದು ಪೋಸ್ಟ್‌ಮಾರ್ಟಂ ಮಾಡಿಸಿದ್ದರು. ವರದಿಯ ಪ್ರಕಾರ ಶ್ವಾಸನಾಳದಲ್ಲಿ ಹಾಲಿರಲಿಲ್ಲ. ಸೋಂಕು, ಪೆಟ್ಟು ಯಾವುದೂ ಇರಲಿಲ್ಲ. ಆರೋಗ್ಯವಾಗಿದ್ದ ಕೂಸು ನಿದ್ದೆಯಲ್ಲಿ ತೀರಿಕೊಂಡು, ಎಷ್ಟು ಹುಡುಕಿದರೂ ಕಾರಣ ಸಿಗದಿದ್ದರೆ ನಾವು ಅದನ್ನು ಸಿಡ್ಸ್ ಎನ್ನುತ್ತೇವೆ. ನಮಗೆ ಗೊತ್ತಿಲ್ಲ ಎಂಬುದನ್ನು ಗಂಭೀರವಾಗಿ ಹೇಳುವ ರೀತಿ ಅದು, ಅಷ್ಟೆ.

ಹಾಲು ಕಾರಣವಲ್ಲ ಎಂದು ಹೇಳಿದೆ. ಮುಂದಿನ ಮಗುವಿನ ದೃಷ್ಟಿಯಿಂದ, ಕೂಸನ್ನು ಹೇಗೆ ಮಲಗಿಸಿದ್ದಿರಿ ಎಂದೂ ಕೇಳಿದೆ. ಉತ್ತರ ಕೊಟ್ಟವರು ಗಂಗಮ್ಮನವರೇ, ಅದೂ ಅಭಿಮಾನದಿಂದ. "ನಾನ ಮಲಗಸಿದ್ದೆ. ಹೊಟ್ಟಿ ಉಬ್ಬರ ಇಳೀಲಿ ಅಂತ ಬೋರಲ ಹಾಕಿದ್ದೆ. ಕೆಳಗ ಮೆತ್ತನ್ನ ಗಾದಿ, ಮ್ಯಾಲ ಎರಡು ಕೌದಿ, ತಲಿಗೆ ಕುಂಚಿಗಿ. ಥಂಡಿ ತಾಗಾಕ ಬಿಟ್ಟಿಲ್ರಿ." ಅದೇ ಕೋಣೆಯಲ್ಲಿ ಅವರ ಯಜಮಾನರು ಬೀಡಿ ಸೇದುತ್ತಿದ್ದರಂತೆ. ಐರಣಿಯಲ್ಲಿ ಕೂಸಿಗೆ ಅಂಗಾತ ಮಲಗಿ ರೂಢಿಯಾಗಿತ್ತು ಎಂದು ನೇತ್ರಾ ಮೆಲ್ಲಗೆ ಸೇರಿಸಿದಳು.

ನಾವು ಓದಿದ ರಿಸ್ಕ್ ಫ್ಯಾಕ್ಟರ್‌ಗಳಲ್ಲಿ ಮುಖ್ಯವಾದವೆಲ್ಲ ಅಲ್ಲಿದ್ದವು: ರೂಢಿಯಿಲ್ಲದ ಕೂಸನ್ನು ಬೋರಲು ಮಲಗಿಸುವುದು, ಮೆತ್ತನೆಯ ಹಾಸಿಗೆ, ಅತಿಯಾದ ಹೊದಿಕೆ, ಬೀಡಿಯ ಹೊಗೆ. ರಿಸ್ಕ್ ಫ್ಯಾಕ್ಟರ್ ಎಂದರೆ ಅಪಾಯ ಹೆಚ್ಚಿಸುವ ಸಂಗತಿ. ಅದೇ ಸಾವಿನ ಕಾರಣ ಎಂದಲ್ಲ. ಇವೆಲ್ಲ ಇದ್ದೂ ಚೆನ್ನಾಗಿ ಬೆಳೆದ ಮಕ್ಕಳು ಎಷ್ಟೋ. ಯಾವುದೂ ಇಲ್ಲದೆ ಹೋದವೂ ಉಂಟು. ಇದನ್ನು ಬಿಡಿಸಿ ಹೇಳಿ, ಇನ್ನು ಮುಂದೆ ಅಂಗಾತವೇ ಮಲಗಿಸಬೇಕು, ಮುಖದ ಹತ್ತಿರ ಬಟ್ಟೆ ಇರಬಾರದು ಎಂದೂ ತಿಳಿಸಿದೆ. ಗಂಗಮ್ಮ ಚುರುಕು ಹೆಂಗಸು. ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಕೂಡಲೇ ತಿಳಿದುಕೊಂಡರು.

"ಅಂದ್ರ ನನ್ನ ಕೈಯಿಂದ ಆತೇನ್ರಿ?"

"ಅದರಿಂದನ ಆತು ಅಂತ ಯಾರೂ ಹೇಳಾಕ ಆಗಂಗಿಲ್ರಿ" ಎಂದೆ. ಅದರಿಂದಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಅವರು ಎದ್ದು ಹೊರಗೆ ಹೋದರು. ಸೊಸೆಯನ್ನು ಐರಣಿಗೆ ಕಳಿಸುವ ಮಾತು ಅಲ್ಲಿಗೇ ನಿಂತಿತು.

2006ರಲ್ಲಿ ನೇತ್ರಾ ಎರಡನೇ ಕೂಸನ್ನು ಲಸಿಕೆಗೆ ತಂದಳು. ಹೆಣ್ಣುಮಗು. ಗಂಗಮ್ಮ ಬಂದಿದ್ದರೂ ಬಾಗಿಲ ಬಳಿಯ ಬೆಂಚಿನ ಮೇಲೆ ಕೈಕಟ್ಟಿ ಕುಳಿತಿದ್ದರು.

"ಅತ್ತಿಯವರು ಕೂಸಿನ್ನ ಮುಟ್ಟವಲ್ರು ಸರ. ಮನಿಗೆ ಬಂದಾಗಿಂದ ಒಮ್ಮೆನೂ ಎತ್ತಿಲ್ಲ" ಎಂದಳು ನೇತ್ರಾ.

ಸೂಜಿ ಚುಚ್ಚಿದೊಡನೆ ಕೂಸು ಚೀರಿತು. ನೇತ್ರಾ ನೆಟ್ಟಗೆ ಹೋಗಿ ಅದನ್ನು ಅತ್ತೆಯ ಮಡಿಲಿಗೆ ಹಾಕಿದಳು. "ನೀವ ಸುಮ್ಮನ ಮಾಡ್ರಿ. ನನ್ನ ಕೈಲೆ ಆಗವಲ್ದು."

ಬೇರೆ ದಾರಿಯಿಲ್ಲದೆ ಗಂಗಮ್ಮ ತಟ್ಟತೊಡಗಿದರು. ಕೂಸಿಗೆ ನಿದ್ದೆ ಹತ್ತಿದ ಮೇಲೆ ತಾವೇ ಎದ್ದು ಬಂದು ಪರೀಕ್ಷೆಯ ಮೇಜಿನ ಮೇಲೆ ಅಂಗಾತ ಮಲಗಿಸಿ, ಮುಖದ ಹತ್ತಿರವಿದ್ದ ಬಟ್ಟೆ ಸರಿಸಿದರು.

"ಹಿಂಗ ಹೌದಲ್ರಿ?"

"ಹೌದ್ರಿ, ಹಿಂಗ."

ಅಂದಿನಿಂದ ಈ ಎಚ್ಚರಿಕೆಗಳನ್ನು ಕೂಸು ಹುಟ್ಟುವ ಮೊದಲೇ, ಅಜ್ಜಿಯರನ್ನು ಎದುರು ಕೂರಿಸಿಕೊಂಡು ಹೇಳುತ್ತ ಬಂದಿದ್ದೇನೆ. ಕೂಸು ಹೋದ ಮೇಲೆ ಹೇಳಿದರೆ ಅದೇ ಮಾತು ಆರೋಪವಾಗಿ ಯಾರದೋ ತಲೆಯ ಮೇಲೆ ಕೂರುತ್ತದೆ. ನನ್ನ ವಿವರಣೆಯಿಂದ ಸೊಸೆಯ ತಲೆಯ ಭಾರ ಅತ್ತೆಯ ತಲೆಗೆ ಹೋಯಿತು, ಅಷ್ಟೆ. ಅದನ್ನು ಕೆಳಗಿಳಿಸಿದವಳು ನೇತ್ರಾ.